ದುಗ್ಗಿ ತಂದ ಮೂರೆಲೆ

ಬಹಳ ಬಹಳ ಹಿಂದೆ, ಮೋಡಗಳು ಇಳಿದುಬಂದು ಹುಲ್ಲು ಮೇಯುತ್ತಿದ್ದ ಕಾಲದಲ್ಲಿ, ಮದ್ದುಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ತುಂಬ ಉಸಿರುಬಳ್ಳಿ. ಎಂಥ ಜ್ವರವಿದ್ದರೂ ಅದರ ಹಸಿ ಎಲೆಯ ರಸ ಕುಡಿದರೆ ಮಾಯ! ಆದರೆ ಕೀಳುವ ಮುಂಚೆ ಬಳ್ಳಿಗೆ ಕೈಮುಗಿದು ಕೇಳಬೇಕು, ಬೇರು ಮುಟ್ಟಬಾರದು. ಅದು ಅಲ್ಲಿನ ಕಟ್ಟಳೆ.

ಆ ಬಳ್ಳಿಗಳ ಮೇಲೆ ಕಾಳಕೇತು ಎಂಬ ಮಾಯಾವಿಯ ಕಣ್ಣು ಬಿತ್ತು. ಮನುಷ್ಯರು ಒಂದು ಬೇರು ಕಿತ್ತರೆ ಅವನ ಆಯಸ್ಸು ಬೆಳೆಯುತ್ತಿತ್ತು. ತಾನೇ ಬಳ್ಳಿ ಮುಟ್ಟಿದರೆ ಗಳಿಸಿದ್ದೆಲ್ಲ ಹೋಗುತ್ತಿತ್ತು. ಕಳ್ಳ ಏನು ಮಾಡಿದ ಗೊತ್ತೇ? "ನಾಳೆ ಬೆಟ್ಟವನ್ನೆಲ್ಲ ನಾನೇ ಬಾಚಿಕೊಳ್ತೀನಿ" ಎಂದು ಡಂಗುರ ಹೊಡೆಸಿದ. ಅಷ್ಟೇ! ನಮಗಿಷ್ಟಿರಲಿ, ನಮಗಿಷ್ಟಿರಲಿ ಎಂದು ಜನರೇ ನುಗ್ಗಿ, ಬೇರುಸಹಿತ ಕಿತ್ತು ಅಟ್ಟಕ್ಕೆ ತುಂಬಿದರು. ನೋಡನೋಡುತ್ತ ಎಲ್ಲ ಒಣಗಿ ಕಸವಾಯಿತು. ಎಂಥ ಪೆದ್ದು ಜನ!

ಆಮೇಲೆ ಜ್ವರ ಬಂತು. ಊರಿಗೆಲ್ಲ ಮದ್ದು ಕೊಡುತ್ತಿದ್ದ ಜಕ್ಕವ್ವನೇ ಹಾಸಿಗೆ ಹಿಡಿದಳು. ಉಳಿದದ್ದು ಒಂದೇ ಬಳ್ಳಿ, ಅದೂ ಮಾಯಾವಿಯ ಕೋಟೆಯ ಅಂಗಳದಲ್ಲಿ.

"ತಂದೇ ತರ್ತೀನಿ ಕಣವ್ವಾ, ಜೀವ ಹಿಡ್ಕೊಂಡಿರು" ಎಂದು ಮಗಳು ದುಗ್ಗಿ ಒಂದೇ ಉಸಿರಿಗೆ ಓಡಿದಳು.

ಮೊದಲ ಬಾಗಿಲಲ್ಲಿ ಏಳು ಹೆಡೆಯ ಹಾವು. "ಎಷ್ಟು ಮೂಟೆ ಬೇಕು?"

"ಮೂರೆಲೆ."

"ಮೂರೆಲೆಗೆ ಯಾರನ್ನ ಕಚ್ಚೋದು!" ಏಳು ಹೆಡೆಯೂ ನಕ್ಕು, ಹಾವು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬೆಂಕಿಯುಗುಳುವ ಹಂದಿ. "ಗುದ್ದಲಿ ಎಲ್ಲಿ?"

"ಅಗೆಯೋಕೆ ಬಂದಿಲ್ಲ, ಚಿವುಟೋಕೆ ಬಂದೆ."

ಹುಟ್ಟಿದಾಗಿನಿಂದ ನೆಲ ಅಗೆದೇ ಬಾಳಿದ ಹಂದಿಗೆ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯಿತು.

ಅಂಗಳದಲ್ಲಿ ಕಾಳಕೇತುವೇ ಕೂತಿದ್ದ. ಮಾತೋ, ಬೆಲ್ಲ! "ಬಾ ಮಗಳೇ, ಬೇರುಸಹಿತ ಕಿತ್ಕೊಂಡು ಹೋಗು. ಅಷ್ಟು ಜ್ವರಕ್ಕೆ ಬರೀ ಎಲೆ ಸಾಲದಿದ್ದರೆ? ನಿಮ್ಮವ್ವ ಉಳೀಬೇಕೋ ಬೇಡವೋ?"

ದುಗ್ಗಿಯ ಕೈ ಬೇರಿನ ತನಕ ಹೋಯಿತು. ಇವತ್ತು ನಮ್ಮವ್ವನಿಗೆಂದು ಬೇರು ಕಿತ್ತರೆ, ನಾಳೆ ಊರಿನ ಮಿಕ್ಕ ಅವ್ವಂದಿರಿಗೆ ಏನು ಉಳಿದೀತು ಎನ್ನಿಸಿತು. ಕಣ್ಣೀರು ಒರೆಸಿಕೊಂಡು ಕೈಮುಗಿದಳು. "ತಾಯೀ, ಮೂರೇ ಎಲೆ ಕೊಡು." ಮೂರೇ ಎಲೆ ಚಿವುಟಿಕೊಂಡಳು.

ಮಾಯಾವಿಗೆ ಮೈಯೆಲ್ಲ ಉರಿಯಿತು! ಅವಳ ಕೈ ಹಿಡಿದು ಬಲವಂತದಿಂದ ಬೇರಿನತ್ತ ಎಳೆದ. ದುಗ್ಗಿ ಸರಕ್ಕನೆ ಕೊಸರಿಕೊಂಡಳು. ಕಾಳಕೇತು ಮುಗ್ಗರಿಸಿ ಬಳ್ಳಿಯ ಮೇಲೇ ಬಿದ್ದ! ಕ್ಷಣದಲ್ಲಿ ಹಲ್ಲು ಉದುರಿತು, ಬೆನ್ನು ಬಾಗಿತು, ಇಡೀ ಆಳು ಒಂದು ಹಿಡಿ ಬೂದಿಯಾದ. ಕದ್ದ ಆಯಸ್ಸೆಲ್ಲ ನೆಲಕ್ಕೆ ಹರಿದು, ಬೆಟ್ಟದ ತುದಿಯಿಂದ ಬುಡದ ತನಕ ಉಸಿರುಬಳ್ಳಿ ಜುಮ್ಮೆಂದು ಚಿಗುರಿತು.

ಊರವರು ಈ ಸಲ ಕೈಮುಗಿದು ಕೇಳಿ, ಬೇಕಾದಷ್ಟೇ ಚಿವುಟಿಕೊಂಡರು. ಮನೆಮನೆಯಲ್ಲೂ ಜ್ವರ ಬಿಟ್ಟಿತು, ಒಲೆ ಹೊತ್ತಿತು, ರಾಜ್ಯವೆಲ್ಲ ತಣ್ಣಗೆ ಬಾಳಿತು.

ಮತ್ತೆ ಜಕ್ಕವ್ವ? ರಸ ಗಂಟಲಿಗಿಳಿದದ್ದೇ ಕಣ್ಣು ಬಿಟ್ಟಳು. ಮೊದಲು ಕೇಳಿದ್ದು, "ಎಷ್ಟೆಲೆ ಕಿತ್ತೆ?"

"ಮೂರು ಕಣವ್ವಾ."

"ಎರಡು ಸಾಕಿತ್ತಲ್ಲೇ, ದುಂದುಗಾತಿ!"

ಆ ಬೈಗುಳ ಕೇಳಿ ದುಗ್ಗಿ ಅವ್ವನ ಕೊರಳು ತಬ್ಬಿ ಗೊಳೋ ಎಂದು ಅತ್ತಳು.