ಎಂಟು ಗಂಟೆ ಕತ್ತಲೆ

ಜುಲೈ ಮೊದಲ ವಾರದಲ್ಲಿ ತಂಪುಕೇರಿಯ ಮೂವತ್ತೊಂಬತ್ತು ಹಿತ್ತಲುಗಳಲ್ಲಿ ಗಾಂಜಾ ಗಿಡಗಳು ಮೊಗ್ಗು ಹಿಡಿದವು. ನಲವತ್ತನೆಯ ಹಿತ್ತಲು ಕಸ್ತೂರಿಯದು. ಅವಳ ನಾಲ್ಕು ಗಿಡಗಳು ಉಳಿದವರ ಗಿಡಗಳಿಗಿಂತ ಗೇಣುದ್ದ ಎತ್ತರ ಬೆಳೆದು, ನೋಡಿದವರು ಹೊಟ್ಟೆಕಿಚ್ಚು ಪಡುವಷ್ಟು ಹಸಿರಾಗಿ ನಿಂತಿದ್ದವು. ಮೊಗ್ಗು ಮಾತ್ರ ಒಂದೂ ಇರಲಿಲ್ಲ.

ತಂಪುಕೇರಿಯಿರುವುದು ಹಿಮಾಲಯದ ಒಂದು ಕಣಿವೆಯಲ್ಲಿ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ. ಅಲ್ಲಿ ಜುಲೈಗೆ ಮೊಗ್ಗು ಬಿಡುವುದು ಗಾಂಜಾದ ಜಾಯಮಾನವೇ ಅಲ್ಲ. ಅದರ ಎಲೆಯಲ್ಲಿ ಫೈಟೊಕ್ರೋಮ್ ಎಂಬ ಬಣ್ಣದ ವಸ್ತುವಿದೆ. ರಾತ್ರಿ ಎಡೆಬಿಡದೆ ಎಷ್ಟು ಹೊತ್ತು ಕತ್ತಲೆಯಿತ್ತು ಎಂದು ಅದು ಅಳೆಯುತ್ತದೆ. ಹನ್ನೊಂದು ಗಂಟೆ ಕತ್ತಲೆ ಸಿಕ್ಕಿತೆಂದರೆ ಚಳಿಗಾಲ ಬಂತೆಂದು ತಿಳಿದು ಗಿಡ ಹೂವಿಗೆ ಹೊರಡುತ್ತದೆ. ಆ ಕಣಿವೆಯಲ್ಲಿ ಅಂಥ ಇರುಳು ಬರುವುದು ಆಗಸ್ಟ್ ಕೊನೆಗೆ. ಹೂ ಬಲಿಯಲು ಮತ್ತೆ ಎಂಟು ವಾರ ಬೇಕು. ಆದರೆ ಸೆಪ್ಟೆಂಬರ್ ನಡುವಿಗೇ ಮಂಜು ಹೆಪ್ಪುಗಟ್ಟಿ ಗಿಡ ಕರಕಲಾಗುತ್ತದೆ. ಸಸ್ಯವಿಜ್ಞಾನಿ ಡಾ. ಚಾರುಮತಿ ಹದಿನಾಲ್ಕು ವರ್ಷ ದುಡಿದು ಆ ಅಳತೆಯನ್ನೇ ತಿದ್ದಿದ್ದಳು. ಅವಳ ತಳಿಗೆ ಎಂಟು ಗಂಟೆಯ ಕತ್ತಲೆ ಸಾಕು. ಅದಕ್ಕಾಗಿ ಗಿಡದ ಕಣ್ಣನ್ನು ಹರಿತಗೊಳಿಸಬೇಕಾಯಿತು. ಎಷ್ಟು ಹರಿತವೆಂದರೆ, ಇರುಳಿನಲ್ಲಿ ಸ್ವಲ್ಪ ಬೆಳಕು ಸೋಕಿದರೂ ಅದು ಹಗಲೆಂದೇ ತಿಳಿಯುತ್ತದೆ.

ಈ ಪಾಡೆಲ್ಲ ಮಕ್ಕಳಿಗಾಗಿ. ತಂಪುಕೇರಿಯಲ್ಲಿದ್ದವರೆಲ್ಲ ಬಿಸಿಲ ಜಿಲ್ಲೆಗಳಿಂದ ಬಂದವರು. ಪ್ರತಿ ಮನೆಯಲ್ಲೂ ಮೈ ಬಿಸಿಯಾದರೆ ಫಿಟ್ಸ್ ಬರುವ ಒಂದು ಮಗು. ಕಸ್ತೂರಿಯ ಮಗಳು ಇಂಚರಾಗೆ ಏಳು ವರ್ಷ. ಬೇಸಿಗೆ ಐವತ್ತು ಡಿಗ್ರಿ ಮುಟ್ಟುವ ಬಿಜಾಪುರದಲ್ಲಿ ಅವಳು ದಿನಕ್ಕೆ ಹತ್ತು ಸಲ ನೆಲಕ್ಕೆ ಬೀಳುತ್ತಿದ್ದಳು. ಗಾಂಜಾ ಹೂವಿನಲ್ಲಿ ಅಮಲೇರಿಸದ ಒಂದು ಸತ್ವವಿದೆ. ಅದರ ಎಣ್ಣೆ ಇಂಥ ಮಿದುಳನ್ನು ಶಾಂತಗೊಳಿಸುತ್ತದೆ. ಲಾಭವಿಲ್ಲವೆಂದು ಕಂಪನಿಗಳು ಅದನ್ನು ತಯಾರಿಸುವುದನ್ನೇ ಬಿಟ್ಟ ಮೇಲೆ, ರೋಗಿಯಿರುವ ಮನೆಯವರು ಹಿತ್ತಲಲ್ಲಿ ನಾಲ್ಕು ಗಿಡ ಬೆಳೆದುಕೊಳ್ಳಬಹುದು, ಮಾರುವಂತಿಲ್ಲ ಎಂದು ಕಾನೂನಾಯಿತು. ಗಿಡ ಬಲಿಯುವ ಊರಿನಲ್ಲಿ ಮಗು ಬದುಕುವುದಿಲ್ಲ, ಮಗು ಬದುಕುವ ಊರಿನಲ್ಲಿ ಗಿಡ ಬಲಿಯುವುದಿಲ್ಲ. ಮನೆಯೊಳಗೆ ದೀಪ ಹಾಕಿ ಬೆಳೆಸಲು ಕಣಿವೆಯಲ್ಲಿ ಅಷ್ಟು ವಿದ್ಯುತ್ತಿರಲಿಲ್ಲ. ಚಾರುಮತಿಯ ಬೀಜ ಬಂದದ್ದು ಈ ಇಕ್ಕಟ್ಟಿಗೆ.

ಮೊದಲ ವರ್ಷ ಬೆಳೆ ಚೆನ್ನಾಗಿಯೇ ಬಂತು. ಅಲ್ಲಿಂದ ಈ ಜುಲೈವರೆಗೆ ಒಂಬತ್ತು ತಿಂಗಳು ಇಂಚರಾ ಬೀಳಲಿಲ್ಲ. ತನ್ನ ಅಜ್ಜಿ ಮಹಾನಂದಾಳನ್ನು ಮೊದಲ ಬಾರಿಗೆ ‘ಆಯಿ’ ಎಂದು ಸ್ಪಷ್ಟವಾಗಿ ಕರೆದಳು. ಆ ಮುದುಕಿ ಅಂದೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳಂತೆ.

ಈ ವರ್ಷ ಮೊಗ್ಗಿಲ್ಲವೆಂದು ಕಸ್ತೂರಿ ಹೇಳಿಕಳಿಸಿದಾಗ ಚಾರುಮತಿ ಕೆಳಗಿನ ಸಂಶೋಧನಾ ಕೇಂದ್ರದಿಂದ ಬಂದಳು. ಮಣ್ಣು ನೋಡಿದಳು, ಎಲೆ ನೋಡಿದಳು, ಬೀಜ ಬೆರಕೆಯಾಗಿದೆಯೇ ಎಂದು ಪರೀಕ್ಷಿಸಿದಳು. ಯಾವುದರಲ್ಲೂ ದೋಷವಿರಲಿಲ್ಲ. ಬೀದಿ ದೀಪಗಳನ್ನು ಊರಿನವರೇ ಒಪ್ಪಿ ಆರಿಸಿದ್ದರು. ಕೊನೆಗೆ ಅಂಗಿಯ ಗುಂಡಿಯಷ್ಟು ಚಿಕ್ಕದಾದ ಬೆಳಕಿನ ಮಾಪಕವೊಂದನ್ನು ಗಿಡದ ಬುಡದಲ್ಲಿ ಸಿಕ್ಕಿಸಿ ಹೋದಳು. ಹದಿನೈದು ದಿನ ಬಿಟ್ಟು, ಆಗಸ್ಟ್ ಹತ್ತರಂದು ಬಂದು, ಅದರ ದಾಖಲೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಡಿಸಿಟ್ಟಳು. ದಿನಾ ಸೂರ್ಯ ಮುಳುಗಿದ ಮೇಲೂ ರಾತ್ರಿ ಹತ್ತರವರೆಗೆ ಒಂದು ಸಣ್ಣ ಗೆರೆ ಮೇಲೆದ್ದು ನಿಂತಿತ್ತು.

ಕಸ್ತೂರಿಗೆ ಅರ್ಥವಾಗಲಿಲ್ಲ. ಅವಳಿಗೆ ದವಾಖಾನೆಯಲ್ಲಿ ಸಂಜೆ ಪಾಳಿ. ಮನೆಗೆ ಬರುವಾಗ ಹತ್ತೂವರೆ. ಪಕ್ಕದ ಮನೆಯವರ ಮೊಬೈಲ್ ಇರಬಹುದೆಂದಳು. ಒಲೆಯ ಮುಂದೆ ಕೂತಿದ್ದ ಮಹಾನಂದಾ ಎದ್ದು ಬಂದು ಗೆರೆಯನ್ನು ನೋಡಿದಳು.

“ಬಾಯಾರ, ಅದು ದೀಪರೀ. ಈ ವರ್ಷದಿಂದ ನಾನ ಹಚ್ಚತೀನಿ,” ಎಂದಳು.

ಕಸ್ತೂರಿ ತಿರುಗಿ ಅತ್ತೆಯನ್ನು ನೋಡಿದಳು. ಅವಳೇ ಮುಂದುವರಿಸಿದಳು. “ನನ್ನ ಮೊಮ್ಮಗಳ ಜೀವಾ ಉಳಿಸಿದ ಗಿಡರೀ ಅದು. ಸಂಜಿಗೆ ಅದರ ಮುಂದ ಕತ್ತಲಿ ಹ್ಯಾಂಗ ಬಿಡೂದು? ಲೈಟ್ ಹಚ್ಚಬ್ಯಾಡ ಅಂದಿದ್ರಿ, ಒಂದಿನಾನೂ ಹಚ್ಚಿಲ್ಲ. ದೀಪಾನೂ ಬೆಳಕ ಅಂತ ನನಗ ಹೊಳೀಲಿಲ್ಲ.”

ಬೀಜದ ಜೊತೆ ಪ್ರತಿ ಮನೆಗೂ ಕೊಟ್ಟಿದ್ದ ಸೂಚನೆಯ ಹಾಳೆ ಗೋಡೆಯ ಮೇಲೆಯೇ ಇತ್ತು. ಅದನ್ನು ಬರೆದವಳು ಚಾರುಮತಿ. ಬಲ್ಬು, ಟಾರ್ಚು, ಮೊಬೈಲು, ಗಾಡಿಯ ಲೈಟು, ಕಿಟಕಿಯ ಹಿಂದಿನ ಟೀವಿ ಎಂದು ಹಚ್ಚಬಾರದ ಹನ್ನೊಂದು ಬೆಳಕುಗಳ ಹೆಸರು ಅದರಲ್ಲಿತ್ತು. ಎಣ್ಣೆ ದೀಪ ಇರಲಿಲ್ಲ. ಶಿವಮೊಗ್ಗದ ತಮ್ಮ ಮನೆಯ ತುಳಸಿಕಟ್ಟೆಗೆ ಹತ್ತು ವರ್ಷ ದೀಪ ಹಚ್ಚಿದವಳು ಚಾರುಮತಿ. ಅವಳಿಗೂ ಹೊಳೆದಿರಲಿಲ್ಲ. ಇದನ್ನು ನೆನೆದಾಗೆಲ್ಲ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು.

“ಇವತ್ತಿಂದ ಕತ್ತಲಿ ಕೊಟ್ರ?” ಎಂದು ಕಸ್ತೂರಿ ಕೇಳಿದಳು.

“ಹೂ ಬಲಿಯೋಕೆ ಎಂಟು ವಾರ ಬೇಕು ಕಸ್ತೂರಿ. ಮಂಜು ಬೀಳೋಕೆ ಐದೇ ವಾರ ಇದೆ. ಆಗಲ್ಲಮ್ಮ.”

ಕಸ್ತೂರಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಲು ತೊಡಗಿದಳು. ಮೂವರಿದ್ದ ಮನೆಗೆ ಅವಳು ಅಂದು ಇಪ್ಪತ್ತರ ಮೇಲೆ ರೊಟ್ಟಿ ತಟ್ಟಿದಳು. ಮಹಾನಂದಾ ಹೊರಗೆ ಹೋಗಿ ಹಣತೆಯನ್ನು ಕಲ್ಲಿಗೆ ಬಡಿದು ಒಡೆದಳು.

ಅವರು ಕೈಕಟ್ಟಿಯೂ ಕೂರಲಿಲ್ಲ. ಮಧ್ಯಾಹ್ನವೇ ಗಿಡಗಳಿಗೆ ಕಂಬಳಿ ಹೊದಿಸಿ ಇರುಳನ್ನು ಉದ್ದ ಮಾಡಿ ನೋಡಿದರು. ಮೊಗ್ಗೇನೋ ಬಂತು. ಸೆಪ್ಟೆಂಬರ್ ಹದಿನಾಲ್ಕರ ಬೆಳಿಗ್ಗೆ ಅದೆಲ್ಲ ಕಪ್ಪಾಗಿ ಜೋತುಬಿದ್ದಿತ್ತು. ನೆರೆಯವರು ತಮ್ಮ ಎಣ್ಣೆಯಲ್ಲಿ ಹನಿ ಹನಿ ತಂದುಕೊಟ್ಟರು. ಆದರೆ ನಾಲ್ಕು ಗಿಡದ ಎಣ್ಣೆ ಒಂದು ಮಗುವಿಗೆ ಒಂದು ವರ್ಷಕ್ಕೆ ಮಾತ್ರ. ಆ ಲೆಕ್ಕ ಹಾಕಿಕೊಟ್ಟವಳೂ ಚಾರುಮತಿಯೇ. ಹಾಗಾಗಿ ಇನ್ನಷ್ಟು ಕೊಡಿ ಎಂದು ಕೇಳುವ ಬಾಯಿ ಯಾರಿಗೂ ಇರಲಿಲ್ಲ. ಅಕ್ಟೋಬರ್ ಕೊನೆಗೆ ಶೀಶೆ ಬರಿದಾಯಿತು.

ನವೆಂಬರಿನಲ್ಲಿ ಚಾರುಮತಿ ಬಂದಾಗ ಇಂಚರಾ ಚಾಪೆಯ ಮೇಲೆ ಮಲಗಿದ್ದಳು. ದಿನಕ್ಕೆ ನಾಲ್ಕು ಸಲ ಫಿಟ್ಸ್ ಬರುತ್ತಿತ್ತು. ತಂಪು ಹವೆಯಿದ್ದುದರಿಂದ ಜೀವವೊಂದು ಉಳಿದಿತ್ತು. ಕಲಿತ ಮಾತುಗಳು ಒಂದೊಂದಾಗಿ ಹೋಗಿದ್ದವು. ‘ಆಯಿ’ ಎಂಬ ಮಾತು ಹೋಗಿ ವಾರವಾಗಿತ್ತು. ಹನ್ನೆರಡನೆಯ ಸಾಲು ಸೇರಿಸಿದ ಹೊಸ ಸೂಚನೆಯ ಹಾಳೆ ಚಾರುಮತಿಯ ಚೀಲದಲ್ಲಿತ್ತು. ಅದನ್ನು ಹೊರತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ.

ಮಹಾನಂದಾ ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರೂ ಕೇಳದಿದ್ದರೂ ಹೇಳತೊಡಗಿದಳು.

“ನಾ ಸೊಸಿಯಾಗಿ ಬಂದಾಗ ಬಿಜಾಪುರದಾಗ ಬ್ಯಾಸಗಿಯೊಳಗ ಎಲ್ಲಾರೂ ಮಾಳಿಗಿ ಮ್ಯಾಲ ಮಲಗತಿದ್ವಿರೀ. ಬೆಳಗಿನ ಜಾವ ಚಾದರ ಹೊಚ್ಕೋಬೇಕು, ಅಷ್ಟು ತಂಪ ಗಾಳಿ. ಈ ಗಿಡಾ ಹೊಲದ ಬದುವಿನ್ಯಾಗ ತಾನ ಹುಟ್ಟತಿತ್ತು. ಪೊಲೀಸ್ರಿಗೆ ಅಂಜಿ ಕಿತ್ತಿ ಒಗೀತಿದ್ವಿ. ತಂಪು, ಗಿಡಾ ಎರಡೂ ಒಂದ ಊರಾಗ ಇದ್ದುವು.”

ಅದು ಯಾವ ಇಸವಿ ಎಂದು ಚಾರುಮತಿ ಕೇಳಿದಳು. ಮುದುಕಿ ಬೆರಳು ಮಡಿಚಿ ಎಣಿಸಿದಳು.

“ಎರಡ ಸಾವಿರದ ಇಪ್ಪತ್ತಾರು. ಆ ವರ್ಷನ ಮನಿಗೆ ಎ.ಸಿ. ಹಾಕಿಸಿದ್ವಿ. ಓಣಿಯೊಳಗ ಎಲ್ಲಾರೂ ಹಾಕಿಸಿದ್ರು. ಒಳಗ ತಂಪ, ಬಿಸಿಯೆಲ್ಲಾ ಹೊರಗ. ಆಮ್ಯಾಲ ಯಾರೂ ಮಾಳಿಗಿ ಹತ್ತಲಿಲ್ಲ. ಅದರಿಂದ ಏನರ ಆದೀತು ಅಂತ ಆಗೂ ನಮಗ ಹೊಳೀಲಿಲ್ಲರೀ.”