ಕರೆಂಟು ಹೋದಾಗಷ್ಟೇ ರೆಕಾರ್ಡಿಂಗ್

"ಎದುರಿಗೆ ಮೂರು ವರ್ಷದ ಮಗು ಕೂತಿದೆ ಅಂದ್ಕೊಂಡು ಹೇಳಿ ಮೇಡಂ," ಎಂದ ಕೆಂಪರಾಜ್.

"ಎಲ್ಲಿದೆ ಮಗು?" ಎಂದಳು ಪ್ರಮೋದಾ.

"ನನ್ನನ್ನೇ ಅಂದ್ಕೊಳ್ಳಿ."

ಅವಳು ನೋಡಿದಳು. ದಪ್ಪ ಮೀಸೆ, ತಲೆಗೆ ಹೆಡ್‌ಫೋನು, ಬೆವರಿ ಬೆನ್ನಿಗಂಟಿದ ಅಂಗಿ. ಇಂಥ ಮಗುವನ್ನು ಯಾವ ಎಲ್‌ಕೆಜಿಯವರೂ ಸೇರಿಸಿಕೊಳ್ಳುವುದಿಲ್ಲ. ನಗು ತಡೆದುಕೊಂಡು ಮೈಕಿನ ಹತ್ತಿರ ಬಾಗಿದಳು.

"ಕಂದಾ, ಕೆಂಪು ಬಣ್ಣ ಎಲ್ಲಿದೆ, ನೀನು ತೋರಿಸ್ತೀಯಾ?"

ಅವನು ಬೆರಳೆತ್ತಿ ಅವಳ ಹಣೆಯ ಬೊಟ್ಟು ತೋರಿಸಿದ. ಆ ಸಾಲು ನಗುವಿನಲ್ಲಿ ಕೆಟ್ಟುಹೋಯಿತು.

ಪುಟಾಣಿಗಳ ಕಲಿಕೆಯ ಆ್ಯಪ್ ಒಂದಕ್ಕೆ ದನಿ ಬೇಕಾಗಿತ್ತು. ದೊಡ್ಡಬಳ್ಳಾಪುರದ ನರ್ಸರಿಯಲ್ಲಿ ಪ್ರಮೋದಾ ಮಿಸ್ ಕಥೆ ಹೇಳುವ ವಿಡಿಯೊ ನೋಡಿ ಕಂಪನಿಯವರು ಫೋನ್ ಮಾಡಿದ್ದರು. ಬೆಂಗಳೂರಿನ ಸ್ಟುಡಿಯೊಗೆ ಒಬ್ಬಳೇ ಹೋಗುವುದೇನೂ ಬೇಡ ಎಂದುಬಿಟ್ಟರು ಅಪ್ಪ ನರಸಿಂಹಯ್ಯ. ಹಾಗಾಗಿ ಕಂಪನಿಯ ಸೌಂಡ್ ಹುಡುಗ ಕೆಂಪರಾಜನೇ ಬ್ಯಾಟರಿ ರೆಕಾರ್ಡರ್ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಹಿಂದಿನ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲು ಹಾಕಿಕೊಂಡು ಕೂರಬೇಕು. ಬಾಗಿಲಾಚೆ ಅಪ್ಪನ ಕುರ್ಚಿ.

ಅಷ್ಟೆಲ್ಲ ಮಾಡಿದರೂ ಬೀದಿಯ ಮಗ್ಗಗಳು ಬಿಡಬೇಕಲ್ಲ! ಎಡಕ್ಕೂ ಬಲಕ್ಕೂ ಪವರ್‌ಲೂಮು, ಬೆಳಗಿನಿಂದ ಟಕಟಕ ಟಕಟಕ. ಕರೆಂಟ್ ಹೋದರಷ್ಟೇ ಬೀದಿ ಬಾಯಿ ಮುಚ್ಚುತ್ತಿತ್ತು. ಊರೆಲ್ಲ ಕರೆಂಟಿನವರನ್ನು ಬಯ್ಯುವ ಹೊತ್ತಿಗೆ ಇವರಿಬ್ಬರು ಮನಸ್ಸಿನಲ್ಲೇ ಅವರಿಗೆ ಕೈಮುಗಿಯುತ್ತಿದ್ದರು.

ಫ್ಯಾನಿಲ್ಲ, ಗಾಳಿಯಿಲ್ಲ, ಆದರೂ ಆ ಕೋಣೆ ಅವಳಿಗೆ ಇಷ್ಟವಾಗಿತ್ತು. ಅಲ್ಲಿ ಅವನನ್ನು 'ನೀನು' ಎನ್ನಬಹುದಿತ್ತು. ರೆಕಾರ್ಡರ್ ನಿಂತರೆ 'ನೀವು', 'ಹೋಗಿ ಬನ್ನಿ'. ಓಡುತ್ತಿದ್ದರೆ 'ಬಾ ಕಂದಾ', 'ನೀನು ಜಾಣ', 'ನನ್ನ ಕೈ ಹಿಡ್ಕೋ'. ಆಚೆ ಕೂತ ಅಪ್ಪನಿಗೆ ಅದೆಲ್ಲ ಮಕ್ಕಳ ಪಾಠ. ಕೆಲವು ಸಾಲುಗಳನ್ನು ಅವಳು ಬೇಕೆಂದೇ ತಪ್ಪು ಓದುತ್ತಿದ್ದಳು. ಸರಿಯಾಗಿ ಓದಿದ್ದನ್ನೂ ಅವನು, "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದ.

ಇವತ್ತು ಕೊನೆಯ ಪಾಠ. ಭಾನುವಾರ ದೇವನಹಳ್ಳಿಯವರು ಮದುವೆ ಮಾತು ಗಟ್ಟಿಮಾಡಲು ಬರುತ್ತಿದ್ದಾರೆ. "ಹುಡುಗಿ ಜಾಸ್ತಿ ಮಾತಾಡಲ್ಲ, ನಮಗೆ ಅದೇ ಇಷ್ಟ ಆಯ್ತು" ಎಂದು ಹುಡುಗನ ತಾಯಿ ಆಗಲೇ ಹೊಗಳಿ ಹೋಗಿದ್ದರು. ನಿನಗೆ ಇಷ್ಟವಾ ಎಂದು ಯಾರೂ ಪ್ರಮೋದಾಳನ್ನು ಕೇಳಲಿಲ್ಲ. ಕೇಳಿದ್ದರೂ ಅಪ್ಪನೆದುರು ಅವಳು ಹೂಂ ಅನ್ನುತ್ತಿದ್ದಳು, ಅಷ್ಟೇ. ಊರ ಮಕ್ಕಳಿಗೆಲ್ಲ ಮಾತು ಕಲಿಸಲು ಹೊರಟ ದನಿ ಸ್ವಂತ ಮನೆಯಲ್ಲಿ ಮೇಲೇಳುತ್ತಲೇ ಇರಲಿಲ್ಲ.

ಕೊನೆಯ ಸಾಲು ಮುಗಿಯುತ್ತಿದ್ದಂತೆ ಕರೆಂಟ್ ಬಂತು. ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ಕೆಂಪರಾಜ್ ರೆಕಾರ್ಡರ್ ಆಫ್ ಮಾಡಿ ವೈರು ಸುತ್ತತೊಡಗಿದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.

"ಅಷ್ಟೇನಾ?" ಎಂದಳು.

"ಅಷ್ಟೇ ಮೇಡಂ. ನಾಳೆಯಿಂದ ಬರೋ ಕೆಲ್ಸ ಇಲ್ಲ."

"ಬರ್ಬೇಕು ಅಂತ ಅನ್ಸಲ್ವಾ?"

"ಅನ್ಸಿ ಏನ್ ಮಾಡ್ಲಿ? ಮೊದಲ್ನೇ ದಿನಾನೇ ನಿಮ್ಮಪ್ಪ, ಯಾರ ಪೈಕಿ ಅಂತ ಕೇಳಿದ್ರು. ಸಮೇತನಹಳ್ಳಿ ಗೋಪಾಲಪ್ಪನ ಮಗ ಅಂದೆ. ಹಂಗಾದ್ರೆ ನಮ್ಮೋರಲ್ಲ ಅಂದ್ರು. ಅದಾದ್ಮೇಲೆ ನಿಮ್ಮನ್ನ ನಾನೇನ್ ಕೇಳ್ಲಿ?"

"ಕೇಳು," ಎಂದಳು ಪ್ರಮೋದಾ.

ರೆಕಾರ್ಡರ್ ಆಫ್ ಆಗಿತ್ತು. ಅವನ ಕೈ ವೈರಿನ ಮೇಲೆಯೇ ನಿಂತಿತು.

"ಏನಂದ್ರಿ? ಈ ಗಲಾಟೇಲಿ ಕೇಳಿಸ್ಲಿಲ್ಲ."

ಕೇಳಿಸಿತ್ತು, ಕಳ್ಳ. ಅವನ ಕಣ್ಣೇ ಹೇಳುತ್ತಿತ್ತು. ಆದರೆ ಇಷ್ಟು ಗಲಾಟೆಯಲ್ಲಿ ಆಚೆ ಯಾರಿಗೂ ಕೇಳಿಸದು ಎಂಬ ಧೈರ್ಯ ಅವಳಿಗೂ ಬಂದಿತ್ತು. ಎದೆಯಲ್ಲಿದ್ದುದನ್ನೆಲ್ಲ ಗಂಟಲಿಗೆ ತಂದು ಕೂಗಿದಳು.

"ಕೇಳು ಅಂದೆ! ನನಗೆ ಆ ದೇವನಹಳ್ಳಿ ಹುಡುಗ ಬೇಡ! ನೀನೇ ಬೇಕು ಕಣೋ!"

'ನನಗೆ' ಎನ್ನುವಾಗಲೇ ಕರೆಂಟ್ ಹೋಯಿತು. ಉಳಿದದ್ದು ಇಡೀ ಬೀದಿಗೆ ಕೇಳಿಸಿತು.

ಆಚೆ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ತೆರೆದ ನರಸಿಂಹಯ್ಯ ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು, ಮೈಕನ್ನೂ ನೋಡಿದರು. ಮುಖದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು.

"ಅದು... ಮಕ್ಕಳ ಪಾಠದ್ದೇ ತಾನೇ ಅಮ್ಮಾ?" ಎಂದರು ಮೆಲ್ಲಗೆ.

ಹೂಂ ಅಂದರೆ ಸಾಕಿತ್ತು. ಅಪ್ಪ ನಂಬುವುದಕ್ಕೆ ಸಿದ್ಧರಾಗಿಯೇ ನಿಂತಿದ್ದರು. ಹೂಂ ಅಂದರೆ ಕೆಂಪರಾಜ್ ವೈರು ಸುತ್ತಿಕೊಂಡು ಹೋಗುತ್ತಾನೆ, ಭಾನುವಾರ ದೇವನಹಳ್ಳಿಯ ಕಾರು ಬರುತ್ತದೆ. ಪ್ರಮೋದಾ ಮೈಕನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ತುಂಬ ಭಯವಾಗಿತ್ತು.

"ಅಲ್ಲಪ್ಪಾ," ಎಂದಳು. "ಪಾಠದ್ದಲ್ಲ. ನಾನೇ ಹೇಳಿದ್ದು. ಭಾನುವಾರ ಬರ್ಬೇಡಿ ಅಂತ ಅವ್ರಿಗೆ ಫೋನ್ ಮಾಡ್ಬಿಡಿ."

ಕೆಂಪರಾಜ್ ವೈರನ್ನು ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದು ನಿಂತ.

"ನಮ್ಮಪ್ಪನ್ನ ಕರ್ಕೊಂಡ್ ಬರ್ತೀನಿ ಸಾರ್," ಎಂದ. "ನೀವು ಯಾವತ್ತು ಬಾ ಅಂತೀರೋ ಅವತ್ತು."