ಚಂದ್ರದಿನದ ಜೋಡಿ ಗಂಟೆ

ನನ್ನ ಮೈಕ್ ಸೆಟ್ಟಿನ ಸದ್ದಿಗೆ ಒಮ್ಮೆ ಆಕಾಶದ ಚಂದ್ರನೇ ಬೆಚ್ಚಿಬಿದ್ದು ಆ ಕಡೆ ತಿರುಗಿಬಿಟ್ಟಿದ್ದ. ಅವನ ಬೆನ್ನನ್ನು ನೆಲದ ಮೇಲೆ ನಿಂತು ಕಣ್ಣಾರೆ ಕಂಡವನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ!

ನಂಬಿಕೆ ಬರಲಿಲ್ಲವೇ? ನಮ್ಮ ಆಂಜಿಲಿತುರುತ್ತು ದ್ವೀಪಕ್ಕೆ ಬಂದು, ಈ ಮೈಕ್ ಪೈಲಿ ಎಂದಾದರೂ ಸುಳ್ಳು ಹೇಳಿದ್ದಾನಾ ಅಂತ ಯಾರನ್ನಾದರೂ ಕೇಳಿ. ಅಥವಾ... ಬೇಡ, ಕೇಳಬೇಡಿ. ಕಥೆ ಓದಿ, ಸಾಕು.

ನನ್ನ ಮೈಕು ಎಂಥದ್ದು ಅಂದರೆ, ಆಡಿದ ಮಾತನ್ನಷ್ಟೇ ಅಲ್ಲ, ನುಂಗಿಕೊಂಡ ಮಾತನ್ನೂ ಹಿಡಿದುಬಿಡುತ್ತದೆ. ಜೆಸಿಂತಳ ಮನಸ್ಸಿನೊಳಗೆ ಏನೇನು ನಡೆಯಿತು ಎಂಬುದು ನನಗೆ ಗೊತ್ತಾಗಿದ್ದೇ ಹಾಗೆ.

ಶುರುವಾಗಿದ್ದು ಹೋದ ಓಣಂನಲ್ಲಿ. ಹೊಳೆಯಾಚೆಯ ಕ್ಲಬ್ಬಿನಲ್ಲಿ ವಿಜ್ಞಾನದ ಕ್ವಿಜ್. ಸಮಯ ನೋಡಿ ಗಂಟೆ ಬಾರಿಸುವ ಕೆಲಸಕ್ಕೆ ನಮ್ಮ ವಾಚನಾಲಯದ ಲೈಬ್ರರಿಯನ್ ಜೆಸಿಂತಳನ್ನು ಕರೆಸಿದ್ದರು.

ಟಿಂಗ್!

"ತಡೀರಿ! ಗಂಟೆ ಬೇಗ ಹೊಡೆದ್ರಿ!"

ಎದ್ದು ನಿಂತವನು ಸೆಬಿನ್. ಟ್ಯುಟೋರಿಯಲ್ ಕಾಲೇಜಿನ ಗಣಿತದ ಮೇಷ್ಟ್ರು. ಹದಿನಾರು ಪಂಚಾಯತಿಗಳಲ್ಲಿ ಅವನ ಹೆಸರು ಕೇಳಿದರೆ ಕ್ವಿಜ್ ನಡೆಸುವವರಿಗೆ ಜ್ವರ ಬರುತ್ತಿತ್ತು. ತಪ್ಪು ಉತ್ತರ, ಅರ್ಧ ಪ್ರಶ್ನೆ, ಓರೆ ಮೇಜು... ಯಾವುದನ್ನೂ ಬಿಡುವವನಲ್ಲ. 'ತಕರಾರು ಸೆಬಿನ್' ಎಂದೇ ಎಲ್ಲರೂ ಕರೆಯುವುದು.

"ಸರಿಯಾದ ಹೊತ್ತಿಗೇ ಹೊಡೆದಿದ್ದೀನಿ," ಎಂದಳು ಜೆಸಿಂತ.

"ನಾನು ಬಾಯಿ ತೆಗೆದಾಗಿತ್ತು."

"ಬಾಯಿ ತೆಗೆದಿದ್ದು ಕಂಡೆ. ಉತ್ತರ ಹೊರಗೆ ಬರ್ಲಿಲ್ಲ. ಆಕಳಿಕೆ ಅಂದ್ಕೊಂಡೆ!"

ಸಭೆ ಘೊಳ್ಳೆಂದಿತು. ಸೆಬಿನ್ ಕಿವಿ ಕೆಂಪಾಯಿತು. ಆದರೆ ಕೂರುವ ಮೊದಲು ಅವಳನ್ನೇ ನೋಡಿದ... ಒಂದು ಕ್ಷಣ ಹೆಚ್ಚಾಗಿಯೇ ನೋಡಿದ.

'ಎಂಥಾ ಜಂಭದ ಮನುಷ್ಯ! ಆದರೆ ಆ ಕಣ್ಣು... ಥೂ, ನನಗೇನು ಬಂತು!' ಎಂದುಕೊಂಡಳು ಅವಳು. ಕೋಪದಿಂದ ಕೈ ನಡುಗುತ್ತಿತ್ತು.

ಮರಳುವಾಗ ಇಬ್ಬರೂ ದೋಣಿ ಹತ್ತಲು ಒಂದೇ ಕಡವಿಗೆ ಬಂದರು. ಅವನು ಮಾತಾಡಿಸಲು ಹೋದ. ಅವಳು ಜೊತೆಗಿದ್ದ ಗೆಳತಿಗೆ ಹೇಳುವವಳಂತೆ ಗಟ್ಟಿಯಾಗಿಯೇ ಅಂದಳು: "ನನ್ನ ಕೈಗೆ ಒಂದು ಕ್ವಿಜ್ ಸಿಕ್ಕಿದ್ರೆ ತಕರಾರು ಮಾಡೋರನ್ನ ದೋಣಿಯಿಂದ ಇಳಿಯೋಕೂ ಬಿಡಲ್ಲ."

ಅವನು ದೋಣಿಯ ಆ ತುದಿಗೆ ಹೋಗಿ ಕುಳಿತ.

ಆಮೇಲೆ ಅವಳು ಗಂಟೆ ಹಿಡಿದ ಪ್ರತಿ ಕ್ವಿಜ್‌ಗೂ ಅವನು ಬಂದ. ಒಂದೇ ಒಂದು ತಕರಾರು ಎತ್ತಲಿಲ್ಲ. ಊರವರು ಅವನಿಗೆ ಮೈಯಲ್ಲಿ ಹುಷಾರಿಲ್ಲ ಅಂದುಕೊಂಡರು.

ಹೀಗಿರುವಾಗ ಜುಲೈ ಬಂತು, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ನೆನಪಿನ ಚಂದ್ರದಿನ ಬಂತು.

ಪ್ರತಿ ವರ್ಷ ಆ ದಿನ ನಮ್ಮ ವಾಚನಾಲಯದಲ್ಲಿ ಬಾಹ್ಯಾಕಾಶದ ಕ್ವಿಜ್. ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಬರುತ್ತಾರೆ. ನಡೆಸುತ್ತಿದ್ದವರು ಊರಿನ ಹಳೆಯ ಮೇಷ್ಟ್ರು ವರ್ಕಿ ಮಾಷ್. ಪ್ರಶ್ನೆಗಳೆಲ್ಲ ಅವರದೇ ನೀಲಿ ಶಾಯಿಯ ಕಾರ್ಡುಗಳಲ್ಲಿ. ಪಕ್ಕದಲ್ಲಿ ಹಿತ್ತಾಳೆಯ ಗಂಟೆ. ತಪ್ಪು ಉತ್ತರಕ್ಕೆ ಒಂದು ಸಲ, ಸರಿ ಉತ್ತರಕ್ಕೆ ಎರಡು ಸಲ. ಕೊನೆಯಲ್ಲಿ ಗೆದ್ದವರು ಕ್ವಿಜ್ ನಡೆಸಿದವರನ್ನೇ ಒಂದು ಪ್ರಶ್ನೆ ಕೇಳಬೇಕು. ಉತ್ತರ ಬಾರದಿದ್ದರೆ ಸಭೆಗೆಲ್ಲ ಪಳಂಪೊರಿ, ಬಿಸಿ ಬಿಸಿ ಬಾಳೆಹಣ್ಣಿನ ಬಜ್ಜಿ! ಮಾಷ್ ಒಮ್ಮೆಯೂ ಸೋತವರಲ್ಲ. ಅದು ಊರಿಗೆಲ್ಲ ನೋವಿನ ಸಂಗತಿ.

ಈ ವರ್ಷ ಗಂಟಲಿನ ಆಪರೇಷನ್ ಆಗಿ ಮಾಷ್ ದನಿ ಹೋಯಿತು. ಅವರು ಕಾರ್ಡಿನ ಡಬ್ಬಿಯನ್ನೂ ಗಂಟೆಯನ್ನೂ ತಂದು, ಮಾತಿಲ್ಲದೆ, ಜೆಸಿಂತಳ ಮೇಜಿನ ಮೇಲೆ ಇಟ್ಟು ಹೋದರು. ಅವಳು ಅತ್ತೇಬಿಟ್ಟಳು. ಚಿಕ್ಕಂದಿನಿಂದ ಅವಳು ಕನಸು ಕಂಡಿದ್ದು ಆ ಕುರ್ಚಿಯನ್ನೇ.

ಆದರೆ ವಾಚನಾಲಯದ ಅಧ್ಯಕ್ಷ ಇಗ್ನೇಷಿಗೆ ಮನಸ್ಸಿರಲಿಲ್ಲ.

"ನೋಡು ಮೋಳೆ, ನೀನು ನಮ್ಮ ಮಗಳ ಹಾಗೆ. ಆದ್ರೆ ಒಂದು ದೂರು ಬಂದ್ರೂ ಮುಂದಿನ ವರ್ಷದಿಂದ ಪೇಟೆಯಿಂದ ಜನ ಕರೆಸ್ತೀನಿ. ಆಮೇಲೆ ಅಳ್ಬೇಡ."

"ದೂರು ಬರಲ್ಲ ಚೇಟ್ಟಾ."

"ಸ್ಪರ್ಧೆಗೆ ಯಾರು ಹೆಸರು ಕೊಟ್ಟಿದ್ದಾರೆ ಗೊತ್ತಾ? ತಕರಾರು ಸೆಬಿನ್!"

ಅವಳು ಕಾರ್ಡಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. 'ಅವನೇ ಬರಬೇಕಿತ್ತಾ... ಅವನೊಬ್ಬ ಬಾಯಿ ತೆಗೆದರೆ ಸಾಕು, ಎಲ್ಲ ಮುಗಿಯಿತು.'

ಚಂದ್ರದಿನದ ಸಂಜೆ ಎರಡು ಲಕ್ಷ ಜನ ಸೇರಿದ್ದರು. ನಮ್ಮ ಸಭಾಂಗಣದಲ್ಲಿ ಇನ್ನೂರು ಜನಕ್ಕೆ ಮಾತ್ರ ಜಾಗ ಎಂದು ಹೇಳುವವರ ಮಾತಿಗೆ ಬೆಲೆ ಕೊಡಬೇಡಿ. ನನ್ನ ಮೈಕು ಗುಡುಗುತ್ತಿತ್ತು.

"ತನ್ನ ಸುತ್ತ ಒಂದು ಸಲ ತಿರುಗಿ ಮುಗಿಸೋ ಮೊದಲೇ ಸೂರ್ಯನನ್ನ ಒಂದು ಸುತ್ತು ಹಾಕಿಬಿಡೋ ಗ್ರಹ?"

"ಶುಕ್ರ!" ಚರ್ಚಿನ ಯುವಕರ ತಂಡ ಕೂಗಿತು. ಟಿಂಗ್ ಟಿಂಗ್!

"ನಮ್ಮ ಪಂಚಾಯತಿಯ ರಸ್ತೆ ಕೆಲಸಾನೂ ಅಲ್ಲಿಂದಲೇ ಬಂದಿರ್ಬೇಕು," ಎಂದರು ಹಿಂದಿನ ಸಾಲಿನವರು.

"ಬಾಹ್ಯಾಕಾಶದಲ್ಲಿ ಅತ್ತರೆ ಕಣ್ಣೀರು ಏನಾಗತ್ತೆ?"

ಸೆಬಿನ್ ಮೆಲ್ಲಗೆ ಎದ್ದ. "ಕೆಳಗೆ ಬೀಳಲ್ಲ. ಉಂಡೆಯಾಗಿ ಕಣ್ಣಿಗೇ ಅಂಟಿಕೊಳ್ಳತ್ತೆ."

ಟಿಂಗ್ ಟಿಂಗ್!

"ಹಾಗಾದ್ರೆ ನನ್ನ ಸೊಸೇನ ಅಲ್ಲಿಗೆ ಕಳಿಸ್ಬೇಡ್ರಪ್ಪಾ, ಇವಳು ಅಳೋದಕ್ಕೆ ಮುಖಾನೇ ಕಾಣಲ್ಲ!" ಎಂದಳು ಮುಂದಿನ ಸಾಲಿನ ಅಜ್ಜಿ. ಸೊಸೆ ಪಕ್ಕದಲ್ಲೇ ಕುಳಿತು ನಕ್ಕಳು.

ಜೆಸಿಂತಳ ಭಯ ಹಾರಿಹೋಯಿತು. ನಗಿಸಿದಳು, ಕಾಡಿಸಿದಳು, ಉತ್ತರ ಬಾರದವರಿಗೆ ಪೆಪ್ಪರಮಿಂಟು ಎಸೆದಳು. ಗಂಟಲು ಕಟ್ಟಿಹೋಗುವವರೆಗೂ ಕೂಗಿದಳು. ಮೊದಲ ಸಾಲಿನಲ್ಲಿ ವರ್ಕಿ ಮಾಷ್ ತೊಡೆ ತಟ್ಟಿಕೊಂಡು ನಗುತ್ತಿದ್ದರು, ಸದ್ದೇ ಇಲ್ಲದೆ.

ಆಮೇಲೆ ಬಂತು ಆ ಕಾರ್ಡು.

"ಅತಿ ಹೆಚ್ಚು ಚಂದ್ರರಿರುವ ಗ್ರಹ ಯಾವುದು?"

"ಶನಿ," ಎಂದ ಸೆಬಿನ್.

ಅವಳು ಕಾರ್ಡು ನೋಡಿದಳು. ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು... ಗುರು.

ಟಿಂಗ್. ಒಂದೇ ಸಲ.

ಪ್ರಶ್ನೆ ಯುವಕರ ತಂಡಕ್ಕೆ ಹೋಯಿತು. "ಗುರು!" ಟಿಂಗ್ ಟಿಂಗ್!

ಸೆಬಿನ್ ಅರ್ಧ ಎದ್ದ. ಇಗ್ನೇಷಿ ಕುರ್ಚಿಯ ತುದಿಗೆ ಬಂದ. ಸೆಬಿನ್ ಕಣ್ಣು ಜೆಸಿಂತಳ ಕೈಯಲ್ಲಿದ್ದ ಕಾರ್ಡಿನ ಮೇಲೆ ನಿಂತಿತು... ಅಲ್ಲಿಂದ ಮುಂದಿನ ಸಾಲಿಗೆ ಹೋಯಿತು...

ಮೆಲ್ಲಗೆ ಕುಳಿತುಬಿಟ್ಟ.

ಆ ಒಂದು ಅಂಕದಿಂದಲೇ ಯುವಕರ ತಂಡ ಗೆದ್ದಿತು. ಬಹುಮಾನ ಕೊಡಬೇಕಾಗಿದ್ದ ಅತಿಥಿಯ ದೋಣಿ ಇನ್ನೂ ಬಂದಿರಲಿಲ್ಲ, ಗೆದ್ದವರ ಪ್ರಶ್ನೆಯೂ ಅಲ್ಲಿಯವರೆಗೆ ಬಾಕಿ. ಎಲ್ಲರೂ ಜೆಸಿಂತಳ ಕೈ ಕುಲುಕುವವರೇ. ಅವಳಿಗೆ ಮಾತ್ರ ಯಾರ ಮಾತೂ ಕೇಳಿಸುತ್ತಿರಲಿಲ್ಲ.

'ಎದ್ದವನು ಯಾಕೆ ಕೂತ? ತಪ್ಪು ಇಲ್ಲದೆ ಅವನು ಏಳುವವನೇ ಅಲ್ಲ...'

ಕಂಬದ ಮರೆಗೆ ಹೋಗಿ ಮೊಬೈಲ್ ತೆರೆದಳು. ಕಾರ್ಡು ಬರೆದ ಕಾಲಕ್ಕೆ ಗುರುವೇ ಸರಿ. ಆಮೇಲೆ ದೂರದರ್ಶಕಗಳು ಶನಿಯ ಸುತ್ತ ಹೊಸ ಹೊಸ ಚಂದ್ರರನ್ನು ಹುಡುಕುತ್ತಲೇ ಹೋಗಿದ್ದವು. ಈಗ ಶನಿ ಎಷ್ಟೋ ಮುಂದೆ!

ಅವಳ ಮುಖ ಬಿಳುಚಿತು. ಮರುಕ್ಷಣವೇ ಕೆಂಪಾಯಿತು.

ಕಡವಿನಲ್ಲಿ ಅವನು ಒಬ್ಬನೇ ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತ ನಿಂತಿದ್ದ. ಅವಳು ಬಿರುಗಾಳಿಯಂತೆ ಹೋಗಿ ಎದುರು ನಿಂತಳು.

"ನಿಮ್ಮ ಉತ್ತರ ಸರಿಯಿತ್ತು!"

"ಹೂಂ."

"ಗೊತ್ತಿದ್ದೂ ಸುಮ್ನಿದ್ರಾ? ಗಂಟೆ ಒಂಚೂರು ಬೇಗ ಹೊಡೆದೆ ಅಂತ ಊರೆಲ್ಲ ಸೇರಿದ್ದ ಕಡೆ ನನ್ನ ಮಾನ ಕಳೆದವರು! ಇವತ್ತು ನನ್ನ ಮೇಲೆ ದಯೆ ಬಂತಾ? ಪಾಪ, ಹುಡುಗಿ, ಬಿಟ್ಟುಬಿಡೋಣ ಅಂತ?"

"ದಯೆ ಅಲ್ಲ."

"ಮತ್ತೆ?"

ಅವನು ಲೋಟವನ್ನು ಕೆಳಗಿಟ್ಟ. "ನೀಲಿ ಶಾಯಿ ಅಲ್ಲಿಂದಲೇ ಕಾಣ್ತು. ಚಿಕ್ಕವನಿದ್ದಾಗ ಅದೇ ಕಾರ್ಡಿಗೆ 'ಗುರು' ಅಂತ ಹೇಳಿ ಮಾಷ್ ಕೈಯಿಂದ ಪೆನ್ಸಿಲ್ ಗೆದ್ದಿದ್ದೆ ನಾನು. ಅವರೇ ಮುಂದೆ ಕೂತಿದ್ರು. ದನಿಯೂ ಇಲ್ಲ ಅವರಿಗೆ. ಎದ್ದು ನಿಂತು, ಮಾಷ್, ನಿಮ್ಮ ಕಾರ್ಡು ಹಳೇದಾಯ್ತು ಅಂತ ಹೇಗೆ ಹೇಳಲಿ? ಮತ್ತೆ... ಒಂದು ದೂರು ಬಂದ್ರೆ ನಿಮ್ಮ ಕುರ್ಚಿ ಹೋಗತ್ತೆ ಅಂತ ಇಗ್ನೇಷಿ ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾನೆ."

"ಅಂದ್ರೆ ದಯೆಯೇ!"

"ದೋಣಿಯಿಂದ ಇಳಿಯೋಕೂ ಬಿಡಲ್ಲ ಅಂದೋರು ನೀವೇ ಅಲ್ವಾ? ಅವತ್ತಿಂದ ನಿಮ್ಮೆದುರು ತಕರಾರು ಮಾಡೋಕೆ ಭಯ."

ಜೆಸಿಂತಳ ಕಣ್ಣು ತುಂಬಿತು. ಕೋಪವೋ, ಏನೋ, ಅವಳಿಗೇ ತಿಳಿಯಲಿಲ್ಲ.

"ನಿಮ್ಮ ಜೊತೆ ಇನ್ನೊಂದು ಸಲ ಜಗಳ ಆಡೋಣ ಅಂತ ಓಣಂನಿಂದ ಕಾಯ್ತಿದ್ದೀನಿ," ಎಂದಳು. "ಒಂದು ದಿನವಾದ್ರೂ ಬಾಯಿ ತೆಗೆದ್ರಾ ನೀವು?"

ಅಷ್ಟು ಅಂದವಳೇ ತಿರುಗಿ ಸಭಾಂಗಣಕ್ಕೆ ನಡೆದಳು.

ಅತಿಥಿ ಬಂದಿದ್ದರು. ಬಹುಮಾನದ ಕಪ್ ಮೇಜಿನ ಮೇಲಿತ್ತು. ಜೆಸಿಂತ ಅದಕ್ಕೆ ಕೈ ಅಡ್ಡ ಹಿಡಿದಳು.

"ಒಂದು ದೂರಿದೆ!"

ಇಗ್ನೇಷಿ ಎದ್ದೇ ಬಿಟ್ಟ. "ನೋಡಿದ್ರಾ, ನಾನು ಹೇಳಿದ್ದೆ! ಯಾರು? ಸೆಬಿನ್ನಾ?"

"ನಾನೇ ಚೇಟ್ಟಾ. ನನ್ನ ಮೇಲೆ ನಾನೇ ದೂರು ಕೊಡ್ತಿದ್ದೀನಿ. ಶನಿ ಅಂದಿದ್ದು ಸರಿಯಿತ್ತು. ಕಾರ್ಡಿನಲ್ಲಿದ್ದಿದ್ದು ಒಂದು ಕಾಲದ ಉತ್ತರ. ಓದೋ ಮೊದಲು ಸರಿನೋಡಬೇಕಾಗಿದ್ದು ನಾನು. ನೋಡ್ಲಿಲ್ಲ." ಅವಳು ಮುಂದಿನ ಸಾಲಿನ ಕಡೆ ತಿರುಗಿದಳು. "ಮಾಷ್... ಕ್ಷಮಿಸಿ."

'ಹೋಯಿತು. ಕುರ್ಚಿ ಹೋಯಿತು. ಮಾಷ್ ಮನಸ್ಸೂ ನೋಯಿತು...'

ವರ್ಕಿ ಮಾಷ್ ಎದ್ದರು. ಮೆಲ್ಲಗೆ ವೇದಿಕೆ ಹತ್ತಿ ಕಾರ್ಡು ಕೈಗೆ ತೆಗೆದುಕೊಂಡರು. ಜೇಬಿನಿಂದ ಪೆನ್ನು ತೆಗೆದು 'ಗುರು'ವನ್ನು ಹೊಡೆದುಹಾಕಿದರು, ಪಕ್ಕದಲ್ಲಿ 'ಶನಿ' ಎಂದು ಬರೆದರು. ಒಂದು ಕ್ಷಣ ಯೋಚಿಸಿ ಅದರ ಮುಂದೆ ಬರೆದರು: ಸದ್ಯಕ್ಕೆ.

ಆಮೇಲೆ ಗಂಟೆ ಎತ್ತಿಕೊಂಡು ಜೆಸಿಂತಳ ಕಡೆ ತಿರುಗಿದರು.

ಟಿಂಗ್ ಟಿಂಗ್!

ಚಪ್ಪಾಳೆಗೆ ಹೆಂಚು ಹಾರಿಹೋಯಿತು. ಇಗ್ನೇಷಿ ತಲೆ ಕೆರೆದುಕೊಂಡ. "ಇನ್ನೇನು... ಮುಂದಿನ ವರ್ಷವೂ ನೀನೇ ಮೋಳೆ. ತಪ್ಪು ಒಪ್ಪಿಕೊಳ್ಳೋರು ಪೇಟೆಯಲ್ಲಿ ಎಲ್ಲಿ ಸಿಗ್ತಾರೆ?"

"ಹಾಗಾದ್ರೆ ನಮ್ಮ ಕಪ್?" ಯುವಕರ ತಂಡ ಗೊಣಗಿತು. ಇಗ್ನೇಷಿ ಕಣ್ಣು ಕೆಕ್ಕರಿಸಿದೊಡನೆ ಅವರೇ ಕಪ್ ಎತ್ತಿ ಸೆಬಿನ್ ಕೈಗೆ ಕೊಟ್ಟರು.

"ಸೆಬಿನ್, ಪ್ರಶ್ನೆ! ಪ್ರಶ್ನೆ!" ಸಭೆ ಪಳಂಪೊರಿಯ ಆಸೆಯಿಂದ ಕೂಗತೊಡಗಿತು.

"ಚಂದ್ರನ ಒಂದೇ ಮುಖ ನಮಗೆ ಕಾಣೋದು ಯಾಕೆ?" ಎಂದ ಅವನು.

"ಇಷ್ಟು ಸುಲಭದ್ದಾ? ಅವನು ಭೂಮಿಯನ್ನ ಒಂದು ಸುತ್ತು ಹಾಕೋ ಹೊತ್ತಿಗೆ ತನ್ನ ಸುತ್ತಲೂ ಸರಿಯಾಗಿ ಒಂದೇ ಸುತ್ತು ತಿರುಗಿರ್ತಾನೆ. ಅದಕ್ಕೇ ಮುಖ ಯಾವಾಗಲೂ ಈ ಕಡೆಗೇ."

"ತಕರಾರಿದೆ!"

ಸಭೆ ಸಂತೋಷದಿಂದ ಕಿರುಚಿತು. ಹಳೆಯ ಸೆಬಿನ್ ಮರಳಿ ಬಂದಿದ್ದ! ಅವನು ಮೇಜಿನ ಹತ್ತಿರ ಬಂದು ದನಿ ಇಳಿಸಿದ.

"ಓಣಂನಿಂದ ನಾನೂ ಸುತ್ತುತ್ತಾ ಇದ್ದೀನಿ, ಜೆಸಿಂತ. ಎಷ್ಟು ಊರಿನ ಕ್ವಿಜ್‌ಗೆ ಹೋದೆ... ಪ್ರಶ್ನೆ ಯಾರು ಕೇಳಿದ್ರೂ ನನ್ನ ಮುಖ ಮಾತ್ರ ಗಂಟೆ ಹಿಡಿದು ಕೂತವಳ ಕಡೆಗೇ. ಅದು ಯಾಕೆ? ಅದಕ್ಕೆ ಉತ್ತರ ಹೇಳಿ."

ಅವಳ ಕಣ್ಣಲ್ಲಿ ನೀರು ಬಂತು. ಬಂದದ್ದು ಬೀಳದೆ ಅಲ್ಲೇ ನಿಂತಿತು. ಆ ಕ್ಷಣ ನಮ್ಮ ದ್ವೀಪಕ್ಕೂ ಭೂಮಿಯ ಸೆಳೆತ ತಪ್ಪಿಹೋಗಿತ್ತು.

"ನನ್ನ ಮುಖಾನೂ ನಿಮ್ಮ ಕಡೆಗೇ ಇತ್ತು," ಎಂದಳು ಪಿಸುದನಿಯಲ್ಲಿ. "ನೀವು ನೋಡಿದಾಗ ಮಾತ್ರ ಗಂಟೆ ನೋಡ್ತಿದ್ದೆ."

"ಇದನ್ನ ಸರಿ ಉತ್ತರ ಅಂತ ತಗೊಳ್ಳಲಾ?"

ಅವಳು ಗಂಟೆ ಎತ್ತಿದಳು. ಟಿಂಗ್... ಟಿಂಗ್!

ಆ ಜೋಡಿ ಗಂಟೆ ನನ್ನ ಮೈಕಿನಲ್ಲಿ ಮೊಳಗಿ, ಹೊಳೆ ದಾಟಿ, ಸಮುದ್ರ ದಾಟಿ ಮೇಲಕ್ಕೇರಿತು. ಚಂದ್ರ ಬೆಚ್ಚಿ ಆ ಕಡೆ ತಿರುಗಿದ್ದು ಆಗಲೇ!

ಇಷ್ಟನ್ನೂ ಬರೆದು, ಮೊನ್ನೆ ವಾಚನಾಲಯದಲ್ಲಿ ಜೆಸಿಂತಳಿಗೂ ಸೆಬಿನ್‌ಗೂ ಓದಿ ಹೇಳಿದೆ. ಮದುವೆಯ ದಿನ ಗೊತ್ತಾಗಿದೆ, ಉಡುಗೊರೆಯಾಗಲಿ ಅಂತ. ಅವಳು ಕೊನೆಯವರೆಗೂ ಕೇಳಿದಳು.

"ಪೈಲಿಚೇಟ್ಟಾ, ಅವತ್ತು ನಿಮ್ಮ ಮೈಕು ಒಂದು ಮಾತೂ ಆಡ್ಲಿಲ್ಲ. ಕೂಗಿ ಕೂಗಿ ವಾರವೆಲ್ಲ ನನ್ನ ಗಂಟಲು ಕಟ್ಟಿತ್ತು."

"ಅದು... ಸ್ವಲ್ಪ ವೈರು..."

"ನಾವು ಪಿಸುಗುಟ್ಟಿದ್ದು ನಮ್ಮಿಬ್ಬರಿಗೇ ಗೊತ್ತು. ನಿಮಗೆ ಹೇಗೆ ಗೊತ್ತಾಯ್ತು?"

"ಮೇಜಿನ ಕೆಳಗಿದ್ದೆ ಮೋಳೆ. ಕಡಿದ ವೈರು ಹುಡುಕ್ತಾ."

"ಕಡವಿನಲ್ಲಿ?" ಎಂದ ಸೆಬಿನ್.

"ದೋಣಿಯಲ್ಲಿ ಬೇರೆ ವೈರು ಹುಡುಕ್ತಿದ್ದೆ."

"ನನ್ನ ಮನಸ್ಸಲ್ಲಿದ್ದಿದ್ದು?"

"ಅದು ನಾನೇ ಕಟ್ಟಿದ್ದು," ಎಂದೆ ತಲೆ ತಗ್ಗಿಸಿ.

ಸೆಬಿನ್ ಅವಳ ಕಡೆ ತಿರುಗಿದ. "ಕಟ್ಟಿದ್ದರಲ್ಲಿ ಎಷ್ಟು ಸರಿ?"

"ಎಲ್ಲ ಸರಿ. ಒಂದು ತಪ್ಪು. ಓಣಂ ದಿನ ಕೋಪದಿಂದ ಕೈ ನಡುಗಿತು ಅಂತ ಬರೆದಿದ್ದಾರಲ್ಲ, ಅದು ಕೋಪ ಅಲ್ಲ."

"ಮತ್ತೆ?"

"ಉತ್ತರ ಬರಲ್ವಾ? ಹಾಗಾದ್ರೆ ನಡೀರಿ, ಪಳಂಪೊರಿ ಕೊಡ್ಸಿ."

ಅವನು ನಗುತ್ತ ಎದ್ದ. ಬಾಗಿಲ ಬಳಿ ಅವಳು ಹಿಂತಿರುಗಿ ನನ್ನನ್ನು ನೋಡಿದಳು.

"ಚೇಟ್ಟಾ, ಆ ಚಂದ್ರನ ಬೆನ್ನು?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಮೋಡ ಕವಿದಿತ್ತು ಮೋಳೆ. ಚಂದ್ರನೇ ಕಾಣ್ಲಿಲ್ಲ. ಮೇಜಿನ ಕೆಳಗಿಂದ ನನಗೆ ಕಂಡಿದ್ದು ಎರಡು ಜೊತೆ ಚಪ್ಪಲಿ. ಒಂದು ನಿಂದು, ಒಂದು ಅವನದು. ಎರಡೂ ಎದುರುಬದುರಾಗೇ ನಿಂತಿದ್ವು... ಅಷ್ಟು ಮಾತ್ರ ನಿಜ."